ಡಬ್ಬಿಯ ಬರಹವೂ ಹಾಲು ಒಗ್ಗದ ಹೊಟ್ಟೆಯೂ

ಪುಸ್ತಕಗಳನ್ನು ವಿಮರ್ಶಿಸುವ ರೂಢಿ ನಮ್ಮಲ್ಲಿದೆ. ಪುಸ್ತಕಕ್ಕಿಂತ ಹೆಚ್ಚು ಜನ ಓದುವ, ಓದಿ ನಂಬುವ, ನಂಬಿ ಹಣ ತೆರುವ ಬರಹ ಇನ್ನೊಂದಿದೆ. ಅದು ಡಬ್ಬಿಗಳ ಮೇಲಿನ ಬರಹ. ಅದನ್ನು ವಿಮರ್ಶಿಸುವವರು ಕಡಿಮೆ. ಮಾಂಸಖಂಡ ಬೆಳೆಸುವುದಾಗಿ ಹೇಳುವ ಪ್ರೋಟೀನ್ ಪುಡಿಯ ಡಬ್ಬಿಯೊಂದನ್ನು ನಾನು ಈಚೆಗೆ ಹಿಂದೆ ಮುಂದೆ ತಿರುಗಿಸಿ ಪೂರ್ತಿ ಓದಬೇಕಾಯಿತು. ಓದಿದ ಮೇಲೆ ಅನ್ನಿಸಿದ್ದನ್ನು ಅಧ್ಯಾಪಕರ, ವಿದ್ಯಾರ್ಥಿಗಳ ಮುಂದಿಡುತ್ತಿದ್ದೇನೆ.

ಮಂಗಳೂರಿನ ಮಣ್ಣಗುಡ್ಡದಲ್ಲಿ, ಮಂಗಳಾ ಕ್ರೀಡಾಂಗಣದ ಆಸುಪಾಸಿನಲ್ಲಿ, ಬೆಳಗಿನ ಹೊತ್ತು ನಡೆದಾಡುವವರಿಗೆ ಒಂದು ದೃಶ್ಯ ಪರಿಚಿತ: ಹೆಗಲಲ್ಲಿ ಚೀಲ, ಕೈಯಲ್ಲಿ ಅಲುಗಾಡಿಸುವ ಪ್ಲಾಸ್ಟಿಕ್ ಬಾಟಲಿ, ಜಿಮ್ಮಿನಿಂದ ಬರುವ ಹುಡುಗರು. ಭಾರ ಎತ್ತುವ ಆಸಕ್ತಿ ಕರಾವಳಿಗೆ ಹೊಸದಲ್ಲ. ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ, 2022ರಲ್ಲಿ ಕಂಚು ಗೆದ್ದರು. ಹೊಸದು ಆ ಬಾಟಲಿಯೊಳಗಿನ ಪುಡಿ.

ಎರಡನೇ ವರ್ಷದ ಬಿ.ಎಸ್ಸಿ. ಓದುವ ಹುಡುಗನೊಬ್ಬ ಒಂದು ದಿನ ತರಗತಿ ಮುಗಿದ ಮೇಲೆ ಬಂದು ನಿಂತ. "ಸರ್, ಪ್ರೋಟೀನ್ ಕುಡಿಲಿಕ್ಕೆ ಶುರು ಮಾಡಿದ ಮೇಲೆ ಹೊಟ್ಟೆ ಹಾಳಾಗಿದೆ. ಉಬ್ಬರ, ಗುಡುಗುಡು, ಮತ್ತೆ ಓಡುವುದು. ನಂಗೆ ಲ್ಯಾಕ್ಟೋಸ್ ಆಗುದಿಲ್ಲ ಅಂತ ಅಂಗಡಿಯವರು ಹೇಳಿ ಐಸೊಲೇಟ್ ಕೊಟ್ಟರು. ದುಡ್ಡು ಜಾಸ್ತಿ. ಆದ್ರೂ ಅದೇ ಕತೆ."

"ಎಂತದರಲ್ಲಿ ಕಲಸಿ ಕುಡಿಯುವುದು ಮಾರಾಯಾ?"

"ಹಾಲಲ್ಲಿ ಸರ್. ದೊಡ್ಡ ಲೋಟದಲ್ಲಿ."

ಡಬ್ಬಿ ತರಲು ಹೇಳಿದೆ. ಮುಂಭಾಗದಲ್ಲಿ, ಲ್ಯಾಕ್ಟೋಸ್ ಅತಿ ಕಡಿಮೆ, ಹೊಟ್ಟೆಗೆ ಹಗುರ ಎಂಬರ್ಥದ ದಪ್ಪಕ್ಷರ. ಹಿಂಭಾಗದಲ್ಲಿ ಸಣ್ಣಕ್ಷರದಲ್ಲಿ ಬಳಸುವ ಕ್ರಮ: ನೀರಿನಲ್ಲಿ ಅಥವಾ ತಣ್ಣನೆಯ ಹಾಲಿನಲ್ಲಿ ಕಲಸಿ ಕುಡಿಯಿರಿ. ಮುಂಭಾಗ ಕೊಟ್ಟ ಮಾತನ್ನು ಹಿಂಭಾಗ ಮುರಿಯುತ್ತದೆ. ಇದನ್ನು ಬರೆದವರಿಗೆ ಲ್ಯಾಕ್ಟೋಸ್ ಎಂದರೇನೆಂದು ತಿಳಿಯದೆ ಇರಲಾರದು. ಓದುವವನು ಎರಡನ್ನೂ ಒಟ್ಟಿಗೆ ಓದಲಾರ ಎಂದು ಅವರು ತಿಳಿದಿರಬೇಕು.

ಲೆಕ್ಕ ಮಾಡಿ ನೋಡೋಣ. ಹಸುವಿನ ಹಾಲಿನಲ್ಲಿ 100 ಮಿ.ಲೀ.ಗೆ ಸುಮಾರು 4.7 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ಹುಡುಗನ ಲೋಟ 300 ಮಿ.ಲೀ.ನದು. ಅಂದರೆ ಹಾಲಿನಿಂದಲೇ 14 ಗ್ರಾಂ. ಇನ್ನು ಪುಡಿ. ಹಾಲು ಒಡೆದು ಪನೀರು ಬೇರೆಯಾದಾಗ ಉಳಿಯುವ ತಿಳಿನೀರೇ ವ್ಹೇ. ಅದನ್ನು ಸೋಸಿ, ಒಣಗಿಸಿ ಪ್ರೋಟೀನಿನ ಪಾಲು ಶೇಕಡಾ 80ಕ್ಕೆ ಏರಿಸಿದ್ದು ಕಾನ್ಸೆಂಟ್ರೇಟ್. ಶೇಕಡಾ 90ಕ್ಕೆ ಏರಿಸಿದ್ದು ಐಸೊಲೇಟ್. ಮೊದಲನೆಯದರಲ್ಲಿ ಲ್ಯಾಕ್ಟೋಸ್ ಶೇಕಡಾ 4ರಿಂದ 8. ಎರಡನೆಯದರಲ್ಲಿ ಶೇಕಡಾ 1 ಅಥವಾ ಅದಕ್ಕೂ ಕಡಿಮೆ. 30 ಗ್ರಾಂ ಹಿಡಿಯುವ ಒಂದು ಸೌಟು ಕಾನ್ಸೆಂಟ್ರೇಟಿನಲ್ಲಿ ಹೆಚ್ಚೆಂದರೆ 2.4 ಗ್ರಾಂ ಲ್ಯಾಕ್ಟೋಸ್, ಐಸೊಲೇಟಿನಲ್ಲಿ 0.3 ಗ್ರಾಂ.

ಹುಡುಗ ಮೊದಲು ಕುಡಿಯುತ್ತಿದ್ದದ್ದು ಸುಮಾರು 16 ಗ್ರಾಂ ಲ್ಯಾಕ್ಟೋಸ್. ಹೆಚ್ಚು ದುಡ್ಡು ಕೊಟ್ಟ ಮೇಲೆ ಕುಡಿದದ್ದು 14.3 ಗ್ರಾಂ. ಮೊದಲಿನ ಅಗ್ಗದ ಪುಡಿಯನ್ನೇ ನೀರಿನಲ್ಲಿ ಕಲಸಿದ್ದರೆ 2 ಗ್ರಾಂ ಚಿಲ್ಲರೆಯಲ್ಲಿ ಮುಗಿಯುತ್ತಿತ್ತು.

ಈ 2 ಗ್ರಾಂ ಹೆಚ್ಚೋ ಕಡಿಮೆಯೋ? ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2010ರಲ್ಲಿ ಆವರೆಗಿನ ಪ್ರಯೋಗಗಳನ್ನೆಲ್ಲ ಪರಿಶೀಲಿಸಿ, ಲ್ಯಾಕ್ಟೋಸ್ ಜೀರ್ಣವಾಗದವರಲ್ಲಿ ಬಹುಪಾಲು ಜನ ಒಂದು ಸಲಕ್ಕೆ 12 ಗ್ರಾಂವರೆಗೆ ತಾಳಿಕೊಳ್ಳುತ್ತಾರೆ, ತೊಂದರೆಯಾದರೂ ಅಲ್ಪ ಎಂದು ಅಭಿಪ್ರಾಯಪಟ್ಟಿತು. ಕೆಲವರಿಗೆ ಇದಕ್ಕಿಂತ ಕಡಿಮೆಯಲ್ಲೇ ತೊಂದರೆಯಾಗುತ್ತದೆ, ನಿಜ. ಆದರೂ ಅಳತೆ ಎತ್ತ ವಾಲುತ್ತದೆ ಎಂಬುದು ಸ್ಪಷ್ಟ. ಲ್ಯಾಕ್ಟೋಸ್ ಒಗ್ಗುವುದು, ಒಗ್ಗದಿರುವುದು ಹೌದು-ಅಲ್ಲ ಎಂಬ ಪ್ರಶ್ನೆಯಲ್ಲ, ಎಷ್ಟು ಎಂಬ ಪ್ರಶ್ನೆ. ಡಬ್ಬಿ ಅದನ್ನು ಹೌದು-ಅಲ್ಲ ಎಂಬಂತೆ ಮಾರುತ್ತದೆ. ನನ್ನ ಮುಖ್ಯ ಆಕ್ಷೇಪ ಇದೇ.

ಹೊಟ್ಟೆಯೊಳಗೆ ನಡೆಯುವುದು ಪಠ್ಯದಲ್ಲಿ ಬರುವ ವಿಷಯವೇ. ಸಣ್ಣ ಕರುಳಿನ ಒಳಪದರದಲ್ಲಿರುವ ಲ್ಯಾಕ್ಟೇಸ್ ಎಂಬ ಕಿಣ್ವ ಲ್ಯಾಕ್ಟೋಸನ್ನು ಗ್ಲೂಕೋಸ್, ಗ್ಯಾಲಕ್ಟೋಸ್ ಎಂದು ಸೀಳುತ್ತದೆ. ಕಿಣ್ವ ಸಾಲದಾದಾಗ ಉಳಿದ ಲ್ಯಾಕ್ಟೋಸ್ ನೀರನ್ನು ಕರುಳಿನೊಳಕ್ಕೆ ಎಳೆದುಕೊಳ್ಳುತ್ತದೆ. ದೊಡ್ಡ ಕರುಳಿಗೆ ಇಳಿದಾಗ ಅಲ್ಲಿನ ಬ್ಯಾಕ್ಟೀರಿಯಗಳು ಅದನ್ನು ಹುದುಗಿಸಿ ಹೈಡ್ರೊಜನ್, ಕಾರ್ಬನ್ ಡೈಆಕ್ಸೈಡ್ ಹೊರಡಿಸುತ್ತವೆ. ಉಬ್ಬರಕ್ಕೂ ಗುಡುಗುಡು ಸದ್ದಿಗೂ ಇದೇ ಕಾರಣ. ಆ ಹೈಡ್ರೊಜನ್ ಉಸಿರಿನಲ್ಲಿ ಹೊರಬರುವುದರಿಂದಲೇ ಉಸಿರಿನ ಪರೀಕ್ಷೆಯಿಂದ ಇದನ್ನು ಪತ್ತೆ ಮಾಡಲು ಸಾಧ್ಯ.

ಇದನ್ನು ರೋಗವೆಂದು ಕರೆಯುವುದು ತಪ್ಪು. ಎಲ್ಲ ಸಸ್ತನಿಗಳಲ್ಲೂ ತಾಯಿಹಾಲು ಬಿಟ್ಟ ಮೇಲೆ ಲ್ಯಾಕ್ಟೇಸ್ ಕುಗ್ಗುತ್ತದೆ. ಕುಗ್ಗದಿರುವುದೇ ವಿಶೇಷ. ಲ್ಯಾಕ್ಟೇಸ್ ಜೀನಿನ ನೆರೆಯಲ್ಲಿ ಒಂದೇ ಒಂದು ಅಕ್ಷರ ಬದಲಾದರೆ ಕಿಣ್ವ ಜೀವಮಾನವಿಡೀ ಉಳಿಯುತ್ತದೆ ಎಂಬುದನ್ನು 2002ರಲ್ಲಿ ಫಿನ್ಲೆಂಡಿನ ಸಂಶೋಧಕರು ತೋರಿಸಿದರು. ಯುರೋಪಿನವರಲ್ಲಿರುವ ಅದೇ ಬದಲಾವಣೆ ಭಾರತದಲ್ಲೂ ಇದೆಯೆಂದು, ವಾಯವ್ಯದಲ್ಲಿ ಅದು ಹೆಚ್ಚು, ದಕ್ಷಿಣಕ್ಕೂ ಪೂರ್ವಕ್ಕೂ ಬಂದಂತೆ ಕಡಿಮೆಯೆಂದು, ಹೈದರಾಬಾದಿನ ಸಿ.ಸಿ.ಎಂ.ಬಿ. ವಿಜ್ಞಾನಿಗಳೂ ಪಾಲ್ಗೊಂಡ 2011ರ ಅಧ್ಯಯನ ಹೇಳಿತು. ಹಾಗಾಗಿ ನಮ್ಮ ಕಾಲೇಜಿನ ಒಂದು ತರಗತಿಯಲ್ಲಿ ಹಾಲು ಪೂರ್ತಿ ಜೀರ್ಣವಾಗದವರೇ ಹೆಚ್ಚಿದ್ದರೂ ಆಶ್ಚರ್ಯವಿಲ್ಲ. ಅವರಲ್ಲಿ ಅನೇಕರಿಗೆ ಅದು ಗೊತ್ತೇ ಇರುವುದಿಲ್ಲ, ಏಕೆಂದರೆ ಚಹಾಕ್ಕೆ ಬೀಳುವಷ್ಟು ಹಾಲು ಯಾರಿಗೂ ಸದ್ದು ಮಾಡುವುದಿಲ್ಲ.

ಇಲ್ಲಿ ಅಧ್ಯಾಪಕರಿಗೊಂದು ಮಾತು. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಶಾಲಾ ಮಗುವಿಗೆ ಕೊಡುವುದು 150 ಮಿ.ಲೀ. ಹಾಲು. ಲ್ಯಾಕ್ಟೋಸ್ ಸುಮಾರು 7 ಗ್ರಾಂ. ಆ ಪ್ರಮಾಣ ಹೆಚ್ಚಿನ ಮಕ್ಕಳಿಗೆ ಒಗ್ಗುವಂಥದ್ದೇ. ಆದರೂ ಒಂದು ಮಗು ದಿನವೂ ಹೊಟ್ಟೆ ಹಿಡಿದುಕೊಂಡು ಬೇಡವೆಂದರೆ ಅದು ಹಟವೇ ಆಗಿರಬೇಕಿಲ್ಲ. ಹಾಲು ಸಂಪೂರ್ಣ ಆಹಾರವೆಂದು ಉರು ಹೊಡೆಸುವ ವಾಕ್ಯವೂ ಒಂದು ಡಬ್ಬಿಯ ಬರಹದಂತೆಯೇ.

ಡಬ್ಬಿಗೆ ಮರಳೋಣ. ಲ್ಯಾಕ್ಟೋಸ್ ಎಷ್ಟು ಗ್ರಾಂ ಎಂಬ ಸಾಲು ಅದರಲ್ಲಿರಲಿಲ್ಲ. ಆದರೆ ಕಂಡುಹಿಡಿಯುವ ದಾರಿಯೊಂದಿದೆ. ಪೋಷಕಾಂಶಗಳ ಪಟ್ಟಿಯಲ್ಲಿ ಒಟ್ಟು ಸಕ್ಕರೆ, ಸೇರಿಸಿದ ಸಕ್ಕರೆ ಎಂಬ ಎರಡು ಸಾಲುಗಳನ್ನು ಹುಡುಕಿ. ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. ವ್ಹೇ ಪುಡಿಯಲ್ಲಿ ಉಳಿಯುವುದು ಹೆಚ್ಚುಕಡಿಮೆ ಲ್ಯಾಕ್ಟೋಸೇ. ತೂಕ ಹೆಚ್ಚಿಸುವುದಾಗಿ ಹೇಳುವ ಗೇನರ್ ಎಂಬ ದೊಡ್ಡ ಡಬ್ಬಿಗಳಲ್ಲಿ ಈ ವ್ಯವಕಲನ ಬಹಳ ಉಪಯುಕ್ತ. ಅವುಗಳಲ್ಲಿ ಕೆಲವಕ್ಕೆ ಕೆನೆ ತೆಗೆದ ಹಾಲಿನ ಪುಡಿ ಬೆರೆಸಿರುತ್ತಾರೆ. ಆ ಪುಡಿಯಲ್ಲಿ ಅರ್ಧದಷ್ಟು ಲ್ಯಾಕ್ಟೋಸೇ ಇರುತ್ತದೆ. ಒಂದು ಸಲಕ್ಕೆ ತೆಗೆದುಕೊಳ್ಳಲು ಹೇಳುವ ಪ್ರಮಾಣವೂ ವ್ಹೇಯ ಎರಡು ಮೂರು ಪಟ್ಟು.

ಮುಂದಿನ ಸಾಲು ನನಗೆ ನಗು ತರಿಸಿತು: ಜೀರ್ಣಕಾರಿ ಕಿಣ್ವಗಳ ಮಿಶ್ರಣ, ಇಷ್ಟು ಮಿಲಿಗ್ರಾಂ. ಕೆಳಗೆ ಕಿಣ್ವಗಳ ಹೆಸರು. ಪಪಾಯಿಯ ಪಪೈನ್, ಅನಾನಸಿನ ಬ್ರೊಮೆಲೈನ್. ಎರಡೂ ಪ್ರೋಟೀನನ್ನು ಕತ್ತರಿಸುವಂಥವು. ಲ್ಯಾಕ್ಟೋಸಿನ ತಂಟೆಗೆ ಅವು ಹೋಗುವುದೇ ಇಲ್ಲ. ಲ್ಯಾಕ್ಟೇಸ್ ಹಾಕಿದ್ದರೂ ಮಿಲಿಗ್ರಾಮಿನ ಲೆಕ್ಕ ಏನನ್ನೂ ಹೇಳದು. ಕಿಣ್ವವನ್ನು ತೂಗುವುದಲ್ಲ, ಅದು ಮಾಡುವ ಕೆಲಸವನ್ನು ಅಳೆಯುವುದು ಕ್ರಮ. ಔಷಧಿ ಅಂಗಡಿಯ ಲ್ಯಾಕ್ಟೇಸ್ ಮಾತ್ರೆಗಳ ಮೇಲೆ ಯೂನಿಟ್ಟುಗಳನ್ನು ನಮೂದಿಸುವುದು ಅದಕ್ಕೇ. ಲ್ಯಾಕ್ಟೋಸ್ ಇರುವ ಪ್ರತಿ ಊಟದ ಜೊತೆ ಕನಿಷ್ಠ 4500 ಯೂನಿಟ್ ಇದ್ದರಷ್ಟೇ ಜೀರ್ಣಕ್ಕೆ ನೆರವೆಂದು ಹೇಳಿಕೊಳ್ಳಬಹುದು ಎಂಬುದು ಯುರೋಪಿನ ನಿಯಮ.

ಇದನ್ನು ಪ್ರಯೋಗಶಾಲೆಯಲ್ಲೇ ನೋಡಬಹುದು. ಮೂತ್ರದಲ್ಲಿ ಗ್ಲೂಕೋಸ್ ಪರೀಕ್ಷಿಸುವ ಪಟ್ಟಿಗಳನ್ನು ತನ್ನಿ. ಹಾಲಿನಲ್ಲಿ ಅದ್ದಿದರೆ ಬಣ್ಣ ಬದಲಾಗದು, ಏಕೆಂದರೆ ಪಟ್ಟಿ ಲ್ಯಾಕ್ಟೋಸನ್ನು ಗುರುತಿಸುವುದಿಲ್ಲ. ಅದೇ ಹಾಲಿಗೆ ಲ್ಯಾಕ್ಟೇಸ್ ಮಾತ್ರೆಯನ್ನು ಪುಡಿ ಮಾಡಿ ಹಾಕಿ, ಕಾಲು ಗಂಟೆ ಬಿಟ್ಟು ಅದ್ದಿ. ಬಣ್ಣ ಬಂದರೆ ಗ್ಲೂಕೋಸ್ ಬಿಡುಗಡೆಯಾಗಿದೆ ಎಂದರ್ಥ. ಮೂರನೆಯ ಲೋಟದ ಹಾಲಿಗೆ ಮಾತ್ರೆಯ ಬದಲು ಡಬ್ಬಿಯ ಪುಡಿ ಹಾಕಿ ನೋಡಿ. ಪುಡಿಯಲ್ಲೇ ಗ್ಲೂಕೋಸ್ ಇದೆಯೋ ಎಂದು ತಿಳಿಯಲು ಅದನ್ನು ಬರಿ ನೀರಿನಲ್ಲಿ ಕಲಸಿಯೂ ಪರೀಕ್ಷಿಸಬೇಕು. ಬೆನೆಡಿಕ್ಟ್ ದ್ರಾವಣ ಇಲ್ಲಿ ಪ್ರಯೋಜನವಿಲ್ಲ, ಲ್ಯಾಕ್ಟೋಸ್ ತಾನೇ ಅಪಕರ್ಷಕ ಸಕ್ಕರೆ. ಏಕೆ ಪ್ರಯೋಜನವಿಲ್ಲ ಎಂದು ವಿದ್ಯಾರ್ಥಿಗಳನ್ನೇ ಕೇಳಿದರೆ ಒಳ್ಳೆಯ ಚರ್ಚೆಯಾಗುತ್ತದೆ.

ಇಷ್ಟೆಲ್ಲ ಲ್ಯಾಕ್ಟೋಸಿನ ಮಾತಾಯಿತು. ಡಬ್ಬಿಯ ಮುಖ್ಯ ಅಂಕಿಯಾದ ಪ್ರೋಟೀನನ್ನಾದರೂ ನಂಬಬಹುದೇ? ಪ್ರೋಟೀನನ್ನು ಸಾಮಾನ್ಯವಾಗಿ ನೇರವಾಗಿ ಅಳೆಯುವುದಿಲ್ಲ. ಡೆನ್ಮಾರ್ಕಿನ ಕೆಲ್ಡಾಲ್ 1883ರಲ್ಲಿ ರೂಪಿಸಿದ ವಿಧಾನದಲ್ಲಿ ನೈಟ್ರೊಜನ್ ಅಳೆದು 6.25ರಿಂದ ಗುಣಿಸುತ್ತಾರೆ. ನೈಟ್ರೊಜನ್ ಯಾವ ಮೂಲದ್ದೆಂದು ವಿಧಾನಕ್ಕೆ ತಿಳಿಯದು. ಗ್ಲೈಸಿನ್ ಎಂಬ ಅಗ್ಗದ ಅಮೈನೊ ಆಮ್ಲದಲ್ಲಿ ನೈಟ್ರೊಜನ್ ಶೇಕಡಾ 18.7. ಈ ಲೆಕ್ಕದಲ್ಲಿ 100 ಗ್ರಾಂ ಗ್ಲೈಸಿನ್ ಸುಮಾರು 117 ಗ್ರಾಂ 'ಪ್ರೋಟೀನ್' ಆಗಿಬಿಡುತ್ತದೆ! 2008ರಲ್ಲಿ ಚೀನದಲ್ಲಿ ಮಕ್ಕಳ ಹಾಲಿನ ಪುಡಿಗೆ ಮೆಲಮೈನ್ ಬೆರೆಸಿದ ದುರಂತದ ಹಿಂದೆ ಇದ್ದದ್ದೂ ಈ ಗುಣಾಕಾರವೇ. ನಮ್ಮ ನೆರೆಯ ಕೇರಳದ ವೈದ್ಯರ ತಂಡವೊಂದು ಭಾರತದ ಮಾರುಕಟ್ಟೆಯ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ ವರದಿಯಂತೆ, ಸುಮಾರು ಶೇಕಡಾ 70ರಷ್ಟರಲ್ಲಿ ಪ್ರೋಟೀನಿನ ಅಂಕಿ ಸರಿಯಿರಲಿಲ್ಲ. ಕೆಲವದರಲ್ಲಿ ಹೇಳಿದ್ದರ ಅರ್ಧದಷ್ಟೇ ಇತ್ತು. ಶೇಕಡಾ 14ರಷ್ಟರಲ್ಲಿ ಬೂಷ್ಟಿನ ವಿಷವಾದ ಅಫ್ಲಟಾಕ್ಸಿನ್ ಸಿಕ್ಕಿತು.

ಹಾಗೆಂದು ಎಲ್ಲ ಪುಡಿಯೂ ಮೋಸವೆನ್ನುವುದು ಡಬ್ಬಿಯ ಭಾಷೆಯನ್ನೇ ತಿರುಗಿಸಿ ಹೇಳಿದಂತೆ. ವ್ಹೇ ಬೇಗ ಜೀರ್ಣವಾಗುವ, ಲ್ಯೂಸಿನ್ ಸಮೃದ್ಧವಾಗಿರುವ ಉತ್ತಮ ಪ್ರೋಟೀನ್. ಹಾಸ್ಟೆಲಿನಲ್ಲಿರುವ ಸಸ್ಯಾಹಾರಿಗೆ ಅನುಕೂಲ. ಲ್ಯಾಕ್ಟೋಸ್ ಸ್ವಲ್ಪವೂ ಬೇಡವೆನ್ನುವವರಿಗೆ ಸೋಯಾ, ಬಟಾಣಿ ಪ್ರೋಟೀನುಗಳಿವೆ. ಪ್ರಶ್ನೆ ಇರುವುದು ಲಾಭದ ಗಾತ್ರದಲ್ಲಿ. 49 ಪ್ರಯೋಗಗಳ, 1863 ಜನರ ಫಲಿತಾಂಶಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯಲ್ಲಿ, ಭಾರ ಎತ್ತುವ ತರಬೇತಿಯ ಜೊತೆ ಪೂರಕ ಪ್ರೋಟೀನ್ ತೆಗೆದುಕೊಂಡವರಿಗೆ ಕೊಬ್ಬಲ್ಲದ ದೇಹತೂಕದಲ್ಲಿ ಸಿಕ್ಕ ಹೆಚ್ಚುವರಿ ಗಳಿಕೆ ಸರಾಸರಿ 300 ಗ್ರಾಂ. ದಿನದ ಒಟ್ಟು ಪ್ರೋಟೀನ್ ದೇಹತೂಕದ ಕಿಲೋಗೆ 1.6 ಗ್ರಾಂ ಮುಟ್ಟಿದ ಮೇಲೆ ಇನ್ನಷ್ಟು ತಿಂದರೂ ಗಳಿಕೆ ಇಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯೂ ಇದೇ ಮಿತಿಯನ್ನು ಹೇಳಿ, ಮೈ ಬೆಳೆಸಲು ಪುಡಿಗಳ ಮೊರೆ ಹೋಗಬೇಡಿ ಎನ್ನುತ್ತದೆ.

ನಮ್ಮ ಹುಡುಗನ ತೂಕ 60 ಕಿಲೋ. ಅವನ ಮಿತಿ 96 ಗ್ರಾಂ. ಅವನು ತಿನ್ನುವುದನ್ನೆಲ್ಲ ಒಂದು ಕಾಗದದಲ್ಲಿ ಬರೆಸಿದೆ. ದಿನಕ್ಕೆ 300 ಗ್ರಾಂ ಕುಚ್ಚಲಕ್ಕಿಯಿಂದ ಸುಮಾರು 22 ಗ್ರಾಂ, ಸಾರಿನ ಬೇಳೆಯಿಂದ 11, ಮಧ್ಯಾಹ್ನದ ಬಂಗುಡೆಯಿಂದ 19. ಜಿಮ್ಮಿಗೆ ಹೋಗದವನಿಗೆ ಬೇಕಾದ 50 ಗ್ರಾಂ ಮನೆಯ ಊಟದಲ್ಲೇ ಬಂದಿತು. ಕೊರತೆ 44. ಎರಡು ಮೊಟ್ಟೆ, ರಾತ್ರಿಗೂ 100 ಗ್ರಾಂ ಬೂತಾಯಿ, ಒಂದು ಹಿಡಿ ನೆಲಗಡಲೆ ಸೇರಿಸಿದರೆ 40ರ ಹತ್ತಿರ. ಬಂದರಿನ ದಕ್ಕೆ ಮಣ್ಣಗುಡ್ಡಕ್ಕೆ ದೂರವೇನಲ್ಲ. ಮೀನು ತಿನ್ನದ ಗೆಳೆಯನಿಗೆ 50 ಗ್ರಾಂ ಸೋಯಾ ತುಂಡಿನಲ್ಲಿ 26, ಅಷ್ಟೇ ಹೆಸರುಕಾಳಿನಲ್ಲಿ 12 ಸಿಗುತ್ತದೆ. ಮೊಸರನ್ನು ಬಿಡಬೇಕಿಲ್ಲ. ಹೆಪ್ಪಿನ ಬ್ಯಾಕ್ಟೀರಿಯಗಳು ಲ್ಯಾಕ್ಟೋಸಿನ ಒಂದು ಪಾಲನ್ನು ಮೊದಲೇ ತಿಂದಿರುತ್ತವೆ, ಅವುಗಳ ಕಿಣ್ವ ಕರುಳಿನಲ್ಲೂ ಕೆಲಸ ಮುಂದುವರಿಸುತ್ತದೆ.

ಎರಡು ಎಚ್ಚರಿಕೆ ಅಗತ್ಯ. ಹಾಲಿನ ಪ್ರೋಟೀನಿಗೆ ಅಲರ್ಜಿ ಇರುವವರ ಕತೆಯೇ ಬೇರೆ. ಅವರಿಗೆ ಐಸೊಲೇಟ್ ಕೂಡ ಅಪಾಯ, ಏಕೆಂದರೆ ಅವರಿಗೆ ಆಗದಿರುವುದು ಸಕ್ಕರೆಯಲ್ಲ, ಪ್ರೋಟೀನೇ. ಮತ್ತೊಂದು, ಹಾಲು ಬಿಟ್ಟ ಮೇಲೂ ಭೇದಿ ನಿಲ್ಲದಿದ್ದರೆ, ರಕ್ತ ಕಂಡರೆ, ತೂಕ ಇಳಿದರೆ ಅಂಗಡಿಯವರ ರೋಗನಿರ್ಣಯ ಸಾಲದು, ವೈದ್ಯರನ್ನು ಕಾಣಬೇಕು.

ಹುಡುಗ ಉಳಿದ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಯತೊಡಗಿದ. ವಾರದ ಬಳಿಕ ಕೇಳಿದಾಗ, "ಹೊಟ್ಟೆ ಸರಿ ಉಂಟು ಸರ್, ಆದ್ರೆ ರುಚಿ ಏನೂ ಇಲ್ಲ" ಎಂದ. ಡಬ್ಬಿ ಮುಗಿದ ಮೇಲೆ ಇನ್ನೊಂದು ಕೊಳ್ಳಬೇಕೋ ಬೇಡವೋ ಎಂದು ಇನ್ನೂ ಲೆಕ್ಕ ಹಾಕುತ್ತಿದ್ದಾನೆ. ಈಗಂತೂ ಲೆಕ್ಕ ಅವನದೇ.