ಸೌಂದರ್ಯ ಅವರ ಅಭಿನಯ: ಮೈದುಂಬುವಿಕೆ ಮತ್ತು ದುಡಿಮೆ

ಚಿತ್ರನಟಿ ಸೌಂದರ್ಯ ಅವರನ್ನು ಕುರಿತ ಬರಹಗಳಲ್ಲಿ ಬಹುಪಾಲು ಶ್ರದ್ಧಾಂಜಲಿಯ ಧಾಟಿಯವು. 2004ರ ಏಪ್ರಿಲ್ 17ರಂದು ಬೆಂಗಳೂರಿನ ಜಕ್ಕೂರಿನ ಬಳಿ ನಡೆದ ವಿಮಾನ ಅಪಘಾತದಲ್ಲಿ ಅವರು ಸಹೋದರ ಅಮರನಾಥ್ ಅವರೊಂದಿಗೆ ತೀರಿಕೊಂಡ ಬಗೆಯೇ ಇದಕ್ಕೆ ಕಾರಣವಿರಬಹುದು. ವಿಮರ್ಶೆಯ ಹೆಸರಿನಲ್ಲಿ ಬಂದವು ಅವರ ವೃತ್ತಿಜೀವನವನ್ನು ಎರಡಾಗಿ ಸೀಳುತ್ತವೆ: ಒಂದು ಕಡೆ ತೆಲುಗು, ತಮಿಳಿನ ಜನಪ್ರಿಯ ಚಿತ್ರಗಳು, ಇನ್ನೊಂದು ಕಡೆ ಗಿರೀಶ್ ಕಾಸರವಳ್ಳಿಯವರ ‘ದ್ವೀಪ’ (2002). ಮೊದಲನೆಯದು ಸಂಪಾದನೆ, ಎರಡನೆಯದು ಕಲೆ ಎಂಬ ಈ ವಿಭಜನೆ ಒಪ್ಪತಕ್ಕದ್ದಲ್ಲ ಎಂಬುದು ಪ್ರಸ್ತುತ ಲೇಖನದ ನಿಲುವು.

ಹೀಗೆ ಹೇಳಲು ರಾಬರ್ಟ್‌ಸನ್‌ಪೇಟೆಯ ಪ್ರೇಕ್ಷಕವರ್ಗ ಒಂದು ಆಧಾರ ಒದಗಿಸುತ್ತದೆ. ಚಿನ್ನದ ಗಣಿಗಳ ಆಸರೆಯಲ್ಲಿ ಬೆಳೆದ, ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲೂ ಉಳಿದುಕೊಂಡಿರುವ ಈ ಪೇಟೆಯಲ್ಲಿ ಗಣಿಕಾರ್ಮಿಕರ ಸಂತತಿಯ ತಮಿಳು, ಸುತ್ತಲಿನ ಹಳ್ಳಿಗಳ ತೆಲುಗು, ಶಾಲೆ ಕಚೇರಿಗಳ ಕನ್ನಡ ಒಂದೇ ಅಂಗಡಿಯ ಮುಂದೆ ಕೇಳಿಬರುತ್ತವೆ. ಇಲ್ಲಿಯ ಪ್ರೇಕ್ಷಕನಿಗೆ ‘ಅಮ್ಮೋರು’, ‘ಪಡೆಯಪ್ಪ’, ‘ಆಪ್ತಮಿತ್ರ’ ಮೂರು ಭಾಷೆಗಳ ಮೂವರು ನಟಿಯರಲ್ಲ, ಒಬ್ಬಳೇ ಹೆಣ್ಣುಮಗಳು. ಅವಳೂ ಪಕ್ಕದ ಮುಳಬಾಗಿಲು ಸೀಮೆಯ ಮೂಲದವಳು. 1992ರ ‘ಗಂಧರ್ವ’ದಿಂದ ಆರಂಭಿಸಿ ಹನ್ನೆರಡೇ ವರ್ಷಗಳಲ್ಲಿ ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಅಭಿನಯಿಸಿದ ಕಲಾವಿದೆಯನ್ನು ಅಖಂಡವಾಗಿ ನೋಡುವ ಅವಕಾಶ ಗಡಿಯ ಜನರಿಗೆ ತಾನಾಗಿಯೇ ದೊರೆತಿದೆ. ಬಹುಭಾಷಾ ಚಿತ್ರಗಳಲ್ಲಿ ಕಂಠ ಅನೇಕ ವೇಳೆ ಬೇರೆಯವರದಾಗಿರುವುದರಿಂದ ಇಲ್ಲಿಯ ಚರ್ಚೆ ಅವರ ಆಂಗಿಕ ಅಭಿನಯಕ್ಕಷ್ಟೇ ಸೀಮಿತ.

ಕೋಡಿ ರಾಮಕೃಷ್ಣ ನಿರ್ದೇಶನದ ‘ಅಮ್ಮೋರು’ (1995) ಗ್ರಾಮದೇವತೆಯ ಕಥೆ. ದೇವತೆಯ ಪಾತ್ರ ರಮ್ಯಕೃಷ್ಣ ಅವರದು. ಸೌಂದರ್ಯ ಅವರದು ಭಕ್ತೆ ಭವಾನಿಯ ಪಾತ್ರ. ಅಂದಿಗೆ ಹೊಸದಾಗಿದ್ದ ಗಣಕ ಚಮತ್ಕಾರಗಳೆಲ್ಲ ದೇವತೆಯ ಪಾಲಿಗೆ ಹೋಗಿವೆ. ಆದರೆ ಆ ಚಮತ್ಕಾರಗಳನ್ನು ನಾವು ನಂಬುವುದು ಭವಾನಿಯ ಮುಖವನ್ನು ನೋಡಿ. ಜಾತ್ರೆಯಲ್ಲಿ ದೇವರು ಬಂದಿದೆಯೆಂಬುದಕ್ಕೆ ಸಾಕ್ಷಿ ಕುಣಿಯುವವಳಿಗಿಂತ ಹೆಚ್ಚಾಗಿ ಎದುರಿಗೆ ಅರಿಸಿನದ ನೀರು ಹಿಡಿದು ನಿಂತವಳೇ ಎಂಬುದನ್ನು ಕ್ಷೇತ್ರಕಾರ್ಯ ಮಾಡಿದವರು ಬಲ್ಲರು. ನಾಲ್ಕು ವರ್ಷಗಳ ನಂತರ ಕೆ.ಎಸ್. ರವಿಕುಮಾರ್ ನಿರ್ದೇಶನದ ‘ಪಡೆಯಪ್ಪ’ದಲ್ಲಿ (1999) ಇದೇ ಜೋಡಿ ಮತ್ತೆ ಎದುರಾಗುತ್ತದೆ. ರಮ್ಯಕೃಷ್ಣ ಅವರ ನೀಲಾಂಬರಿ ಉಗ್ರರೂಪ. ಸೌಂದರ್ಯ ಅವರ ವಸುಂಧರೆ ಆ ಮನೆಯಲ್ಲಿ ಊಳಿಗ ಮಾಡುವ ಸೌಮ್ಯರೂಪ. (ಅವರ ಹುಟ್ಟುಹೆಸರೂ ಸೌಮ್ಯ ಎಂಬುದು ಆಕಸ್ಮಿಕವೇ ಸರಿ.) ಊರಮ್ಮನ ಎರಡು ಮುಖಗಳನ್ನು ಚಿತ್ರರಂಗ ಇಬ್ಬರು ನಟಿಯರಿಗೆ ಹಂಚಿಬಿಟ್ಟಿತ್ತು. ಈ ಹಂಚಿಕೆಯಲ್ಲಿ ಸೌಂದರ್ಯ ಅವರಿಗೆ ಬಂದದ್ದು ಕಡಿಮೆ ಅಂಕಗಳ ಪಾತ್ರವೆಂದು ನನ್ನ ಭಾವನೆ. ಸಹಿಸುವವಳನ್ನು ಕಣ್ಣಿಗೆ ಬೀಳುವಂತೆ ನಟಿಸುವುದು ಸುಲಭವಲ್ಲ.

ಪಿ. ವಾಸು ನಿರ್ದೇಶನದ ‘ಆಪ್ತಮಿತ್ರ’ದಲ್ಲಿ (2004) ಆ ಎರಡೂ ಮುಖಗಳು ಒಂದೇ ಶರೀರಕ್ಕೆ ಬಂದವು. 1993ರ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’ ಇದರ ಮೂಲ. ಅಲ್ಲಿ ನಾಗವಲ್ಲಿ ತಮಿಳು ನರ್ತಕಿ. ಕನ್ನಡದಲ್ಲಿ ಅವಳು ತೆಲುಗಿನವಳಾದಳು. ಗೃಹಿಣಿ ಗಂಗಾ ಇದ್ದಕ್ಕಿದ್ದಂತೆ ಅನ್ಯಭಾಷೆ ನುಡಿಯುವುದರಿಂದ ಭಯ ಹುಟ್ಟಬೇಕೆಂಬುದು ಕಥೆಯ ಲೆಕ್ಕಾಚಾರ. ಕೋಲಾರ ಸೀಮೆಯಲ್ಲಿ ಈ ಲೆಕ್ಕಾಚಾರ ಅರ್ಧ ತಪ್ಪುತ್ತದೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡುವವರ ನಡುವೆ, ಮೈಮೇಲೆ ಬಂದ ಗಂಗಮ್ಮ ತೆಲುಗಿನಲ್ಲಿ ನುಡಿದರೆ ಯಾರೂ ಬೆದರುವುದಿಲ್ಲ. ಬೇವಿನ ಸೊಪ್ಪು, ನಿಂಬೆಹಣ್ಣು ತಂದು ‘ನಿನಗೇನು ಬೇಕು ತಾಯಿ’ ಎಂದು ಕೇಳುತ್ತಾರೆ. ಭಾಷೆಯ ಭಯ ಕಳಚಿದ ಮೇಲೆ ಉಳಿಯುವುದು ನಟಿಯ ಶರೀರ. ಗಂಡ ಹೊರಗೆ ಹೋಗಬೇಡವೆಂದು ತಡೆಯುವ ದೃಶ್ಯವನ್ನು ಗಮನಿಸಬಹುದು. ಮೊದಲು ಬದಲಾಗುವುದು ನೋಟ, ಅನಂತರ ಕತ್ತು, ಕೊನೆಗೆ ಮಾತು. ಮೈದುಂಬುವಿಕೆಯಲ್ಲಿ ನಾವು ಕಾಣುವ ಕ್ರಮವೂ ಹೆಚ್ಚುಕಡಿಮೆ ಇದೇ. ಮನೋವೈದ್ಯನ ವಿವರಣೆ ಇದನ್ನು ರೋಗವೆನ್ನುತ್ತದೆ. ಆದರೆ ಬೇಡವೆಂಬ ಗಂಡನ ಒಂದು ಮಾತಿಗೆ ಸೊಸೆಯಾಗಿ ಉತ್ತರಿಸಲಾಗದ ಹೆಣ್ಣು ಇನ್ನೊಬ್ಬಳಾಗಿ ಉತ್ತರಿಸುತ್ತಿದ್ದಾಳೆ ಎಂಬುದನ್ನು ಅಭಿನಯ ಕಾಣಿಸುತ್ತದೆ. ಹಾಡು, ನೃತ್ಯಗಳ ಅಬ್ಬರಕ್ಕಿಂತ ಈ ಒಂದು ಗಳಿಗೆ ಮೇಲು.

ಇಷ್ಟನ್ನು ಮನಗಂಡು, ಅದಕ್ಕೂ ಎರಡು ವರ್ಷ ಹಿಂದಿನ ‘ದ್ವೀಪ’ಕ್ಕೆ ಹಿಂದಿರುಗಿದರೆ ನಾಗಿಯ ಪಾತ್ರ ಬೇರೆಯಾಗಿ ಕಾಣುತ್ತದೆ. ನಾ. ಡಿಸೋಜಾ ಅವರ ಕಾದಂಬರಿಯನ್ನು ಆಧರಿಸಿದ, ಸೌಂದರ್ಯ ಅವರೇ ನಿರ್ಮಿಸಿದ ಈ ಚಿತ್ರ ಅತ್ಯುತ್ತಮ ಚಿತ್ರಕ್ಕೆ ಸಲ್ಲುವ ರಾಷ್ಟ್ರಪ್ರಶಸ್ತಿಯಾದ ಸ್ವರ್ಣಕಮಲ ಪಡೆಯಿತು. ಅಣೆಕಟ್ಟಿನ ನೀರು ಏರುತ್ತಿರುವ ಸೀತಾಪರ್ವತದಲ್ಲಿ ಉಳಿದಿರುವುದು ಪೂಜೆಯನ್ನೇ ಬದುಕಾಗಿಸಿಕೊಂಡ ಮನೆತನ. ದೇವರು ಹತ್ತಿರದಲ್ಲೇ ಇದ್ದಾನೆ. ಆದರೆ ನಾಗಿಯ ಮೈಮೇಲೆ ಯಾರೂ ಬರುವುದಿಲ್ಲ, ಅವಳ ನೆರವಿಗೂ ಬರುವುದಿಲ್ಲ. ಮಳೆಯ ರಾತ್ರಿ ಬೆಂಕಿ ಹಚ್ಚಿ ಕಾಡುಪ್ರಾಣಿಯನ್ನು ದೂರವಿಟ್ಟು ಮನೆಯನ್ನು ಕಾಯುವವಳು ಅವಳೇ. ಭವಾನಿಯ ಸಹನೆಗೆ ದೇವತೆ ಉತ್ತರ ಕೊಟ್ಟಿದ್ದಳು, ಗಂಗಾಳ ಸಹನೆಗೆ ನಾಗವಲ್ಲಿ. ನಾಗಿಗೆ ಇರುವುದು ತನ್ನ ಎರಡು ಕೈಗಳು ಮಾತ್ರ. ಹತ್ತು ವರ್ಷ ಜನಪ್ರಿಯ ಚಿತ್ರಗಳಲ್ಲಿ ಪಳಗಿಸಿಕೊಂಡ ಸೌಮ್ಯರೂಪವನ್ನೇ, ಚಮತ್ಕಾರ ಕಳೆದು, ಸೌಂದರ್ಯ ಇಲ್ಲಿ ಅಭಿನಯಿಸಿದ್ದಾರೆ. ಬೆಳಗಾದಾಗ ಗಂಡ ಗಣಪ ಮನೆ ಉಳಿದುದಕ್ಕೆ ದೇವರನ್ನು ನೆನೆಯುತ್ತಾನೆ. ಆಗ ನಾಗಿಯ ಮುಖದಲ್ಲಿ ಮೂಡಿ ಮರೆಯಾಗುವ ಬಳಲಿಕೆಗೆ ಸಮನಾದದ್ದನ್ನು ಅವರ ಉಳಿದ ಚಿತ್ರಗಳಲ್ಲಿ ನಾನು ಕಂಡಿಲ್ಲ. ಆ ಗಣಪನ ಪಾತ್ರ ವಹಿಸಿದ ಅವಿನಾಶ್ ಅವರೇ ‘ಆಪ್ತಮಿತ್ರ’ದಲ್ಲಿ ನಾಗವಲ್ಲಿಯನ್ನು ಬಿಡಿಸಲು ಬರುವ ಆಚಾರ್ಯರೂ ಆಗಿದ್ದಾರೆ.

ಜಾನಪದ ವಿದ್ವಾಂಸರು ಗಮನಿಸಲೇಬೇಕಾದ ಇನ್ನೊಂದು ಸಂಗತಿಯಿದೆ. ‘ಆಪ್ತಮಿತ್ರ’ ತೆರೆಕಂಡದ್ದು ನಟಿಯ ಮರಣಾನಂತರ. ಅದರ ಮುಂದಿನ ಕಥೆಯಾದ ‘ಆಪ್ತರಕ್ಷಕ’ದ ಬಿಡುಗಡೆಗೆ ಮುನ್ನ, 2009ರ ಡಿಸೆಂಬರ್ 30ರಂದು, ವಿಷ್ಣುವರ್ಧನ್ ತೀರಿಕೊಂಡರು. ಅಂದಿನಿಂದ ನಾಗವಲ್ಲಿಯ ಶಾಪವೆಂಬ ಐತಿಹ್ಯ ಹಬ್ಬಿದೆ. ಐತಿಹ್ಯವಾಗಿ ಅದನ್ನು ಸಂಗ್ರಹಿಸಬೇಕು, ಪಾಠಾಂತರಗಳನ್ನು ಗುರುತಿಸಬೇಕು, ಅದರಲ್ಲಿ ಆಕ್ಷೇಪವಿಲ್ಲ. ಆದರೆ ಪಾತ್ರವೇ ನಟಿಯನ್ನು ನುಂಗಿತೆನ್ನುವ ಈ ಕಥೆ, ಆ ಪಾತ್ರವನ್ನು ಕಟ್ಟಿದ್ದು ನಟಿ ಎಂಬುದನ್ನು ಅಳಿಸಿಹಾಕುತ್ತದೆ. ನಾಗಿಯ ರಾತ್ರಿಯ ದುಡಿಮೆಯನ್ನು ಗಣಪ ದೇವರ ಲೆಕ್ಕಕ್ಕೆ ಬರೆದಂತೆ, ನಾವು ಸೌಂದರ್ಯ ಅವರ ಹನ್ನೆರಡು ವರ್ಷಗಳ ದುಡಿಮೆಯನ್ನು ನಾಗವಲ್ಲಿಯ ಲೆಕ್ಕಕ್ಕೆ ಬರೆಯುತ್ತಿದ್ದೇವೆ.