ಪುಣ್ಯಕೋಟಿಯ ಅನಿಮೇಶನ್ ರೂಪ ಮತ್ತು ಎಳೆಯ ಮಕ್ಕಳು: ಕೋಲಾರ ಚಿನ್ನದ ಗಣಿ ಪ್ರದೇಶದ ಹಿನ್ನೆಲೆಯಲ್ಲಿ

ಕನ್ನಡ ನಾಡಿನ ಮಕ್ಕಳು ಶಾಲೆಯ ಹೊಸ್ತಿಲಲ್ಲೇ ಕೇಳುವ ಜನಪದ ಕಥನಗೀತೆ 'ಗೋವಿನ ಹಾಡು'. ಇದನ್ನು ಆಧರಿಸಿ ವಿ. ರವಿಶಂಕರ್ ಅವರು ಸಾರ್ವಜನಿಕರ ದೇಣಿಗೆಯ ನೆರವಿನಿಂದ ರೂಪಿಸಿದ ಸಂಸ್ಕೃತ ಅನಿಮೇಶನ್ ಚಿತ್ರ 'ಪುಣ್ಯಕೋಟಿ' 2020ರಲ್ಲಿ ನೆಟ್‌ಫ್ಲಿಕ್ಸ್ ಮೂಲಕ ಮನೆಗಳನ್ನು ತಲುಪಿತು. ಪ್ರಾಣಿಗಳ ಕಥೆ, ನೀತಿ, ಬಣ್ಣದ ಚಿತ್ರ ಇವು ಮೂರೂ ಕೂಡಿದಾಗ ಕೃತಿಯು ಎಳೆಯರಿಗೆ ತಾನಾಗಿಯೇ ಒಪ್ಪುತ್ತದೆ ಎಂಬುದು ವಾಡಿಕೆಯ ನಂಬಿಕೆ. ಈ ನಂಬಿಕೆ ಪರಿಶೀಲನೆಗೆ ಅರ್ಹವಾಗಿದೆ.

ಮೂಲಗೀತೆ ಸೌಮ್ಯವಾದ ಕಥೆಯೇನಲ್ಲ. ತಾಯಿಯು ಸಾಯಲು ಹೊರಡುವ ಮುನ್ನ ಕರುವಿಗೆ ವಿದಾಯ ಹೇಳಿ, ಅದನ್ನು ಒಡಹುಟ್ಟಿದವರಂಥ ಹಸುಗಳಿಗೆ ಒಪ್ಪಿಸುತ್ತಾಳೆ; ಕೊನೆಗೆ ಹುಲಿ ಅರ್ಬುತನು ನಾಚಿ ತನ್ನ ಪ್ರಾಣವನ್ನೇ ಬಿಡುತ್ತಾನೆ. ಹಾಡುವಾಗ ಈ ಸನ್ನಿವೇಶಗಳನ್ನು ರಾಗವು ಹದಗೊಳಿಸುತ್ತದೆ. ಮಗು ಬೆದರಿದರೆ ಹಾಡುವವರು ನಿಲ್ಲಿಸಬಹುದು, ಮೈದಡವಬಹುದು. ತೆರೆಯ ಮೇಲಿನ ಚಿತ್ರವಾದರೋ ತನ್ನ ಗತಿಯಲ್ಲೇ ಸಾಗುತ್ತದೆ.

ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ರೈಲುಮಾರ್ಗದ ಆಸುಪಾಸಿನ ಗಣಿ ವಸತಿಗಳಲ್ಲಿ ಈ ಪ್ರಶ್ನೆಗೆ ಮತ್ತೆರಡು ಆಯಾಮಗಳಿವೆ. ಮೊದಲನೆಯದು ಅನುಭವಕ್ಕೆ ಸಂಬಂಧಿಸಿದ್ದು. 3 ಕಿಲೋಮೀಟರಿಗೂ ಆಳವಾದ, ಬಂಡೆ ಸಿಡಿತಕ್ಕೆ ಹೆಸರಾದ ಗಣಿಗಳು 2001ರಲ್ಲಿ ಮುಚ್ಚಿದವು. ಅಲ್ಲಿಯವರೆಗೆ ಪಾಳಿಗೆ ಇಳಿದವರು ಮರಳಿ ಬರುವರೇ ಎಂಬುದು ಆ ಮನೆಗಳಿಗೆ ದಿನನಿತ್ಯದ ಆತಂಕವಾಗಿತ್ತು. ಅಂಥ ನೆನಪುಳ್ಳ ಹಿರಿಯರ ಬಾಯಲ್ಲಿ 'ಮರಳಿ ಬರುತ್ತೇನೆ' ಎಂಬ ಮಾತಿಗೆ ಬೇರೆಯೇ ತೂಕವಿದೆ. ಎರಡನೆಯದು ಭಾಷೆಗೆ ಸಂಬಂಧಿಸಿದ್ದು. ಅನೇಕ ಮನೆಗಳ ಮಾತು ತಮಿಳು ಅಥವಾ ತೆಲುಗು. ಶಾಲೆಯದು ಕನ್ನಡ ಅಥವಾ ಇಂಗ್ಲಿಷ್. ಚಿತ್ರದ ಮಾತು ಸಂಸ್ಕೃತ. ಅಡಿಬರಹ ಓದಲಾರದ ಮಗುವಿಗೆ ಸತ್ಯವಾಕ್ಯದ ಮಹತ್ತ್ವ ತಿಳಿಯದೆ, ಹುಲಿಯ ಭಯ ಮಾತ್ರ ಉಳಿಯುವ ಸಂಭವವಿದೆ. ಇಳಯರಾಜಾ ಅವರ ಸಂಗೀತ ಈ ಕೊರತೆಯನ್ನು ಕೆಲಮಟ್ಟಿಗೆ ತುಂಬಬಹುದಾದರೂ ಕಥೆಯ ನ್ಯಾಯವನ್ನು ಸಂಗೀತವೊಂದೇ ಹೇಳಲಾರದು.

2024ರ ಪ್ರಮಾಣೀಕರಣ ನಿಯಮಗಳು ಪೋಷಕರ ಮಾರ್ಗದರ್ಶನದ ವರ್ಗವನ್ನು 7, 13, 16 ವರ್ಷಗಳೆಂದು ವಿಂಗಡಿಸಿವೆ. ಆದರೆ ವಯಸ್ಸಿನ ಅಂಕಿಯೊಂದೇ ನಿರ್ಣಾಯಕವಲ್ಲ. ಓದು ಬಲ್ಲ, ಮಾತು ಕೊಟ್ಟು ನಡೆಯುವುದೆಂದರೇನೆಂದು ಬಲ್ಲ ಮಕ್ಕಳಿಗೆ ಈ ಕಥೆಯ ಚಿತ್ರರೂಪ ಸಲ್ಲುತ್ತದೆ. ಅದಕ್ಕಿಂತ ಕಿರಿಯರಿಗೆ ಮೊದಲು ಮನೆಮಾತಿನಲ್ಲಿ ಕಥೆ, ಅನಂತರ ಹಿರಿಯರ ಜೊತೆಯಲ್ಲಿ ಚಿತ್ರ ಎಂಬ ಕ್ರಮ ಯುಕ್ತ. ಭಯಕ್ಕೆ ಅಂಜಿ ಹುಲಿಯ ಸಾವನ್ನು ಕಥೆಯಿಂದ ಅಳಿಸಿದರೆ ಅದರ ಪಶ್ಚಾತ್ತಾಪದ ಆಳವೂ ಅಳಿಯುತ್ತದೆ. ಮಗುವಿಗೆ ಅಗತ್ಯವಾದುದು ಮೊಟಕುಗೊಂಡ ಕಥೆಯಲ್ಲ, ಕಥೆಯ ಪಕ್ಕದಲ್ಲಿ ಕುಳಿತ ಹಿರಿಯರೊಬ್ಬರು.