ಬಂಗಿಗೆ ಮೂರು ಮದ್ದಿನ ಕ್ರೀಮು

ಕೆನ್ನೆಯ ಮೇಲೆ ಬಂಗು ಕಾಣಿಸಿಕೊಂಡರೆ ನಮ್ಮಲ್ಲಿ ಬಹಳ ಹೆಂಗಸರು ಮೊದಲು ಹೋಗುವುದು ಮೆಡಿಕಲ್ ಶಾಪಿಗೆ. ಚೀಟಿ ಕೇಳದೆ ಕೈಗಿಡುವ ಟ್ಯೂಬಿನಲ್ಲಿ ಎಷ್ಟೋ ಸಲ ಇರುವುದು ಮೂರು ಮದ್ದು: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮತ್ತು ಮೊಮೆಟಾಸೋನ್ ಎಂಬ ಸ್ಟೀರಾಯ್ಡ್.

ಈ ಕೂಟದ ಮೂಲ ಅಮೆರಿಕದ ಚರ್ಮತಜ್ಞರಾದ ಕ್ಲಿಗ್‌ಮನ್ ಮತ್ತು ವಿಲ್ಲಿಸ್ 1975ರಲ್ಲಿ ಪ್ರಕಟಿಸಿದ ಮಿಶ್ರಣ. ಅದರ ಹಿಂದಿನ ಯೋಚನೆ ಗಟ್ಟಿಯಾದದ್ದು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗಲು ಬೇಕಾದ ಟೈರೋಸಿನೇಸ್ ಕಿಣ್ವವನ್ನು ಹೈಡ್ರೋಕ್ವಿನೋನ್ ತಡೆಯುತ್ತದೆ. ಟ್ರೆಟಿನಾಯಿನ್ ಮೇಲ್ಪದರದ ಕಪ್ಪಾದ ಕೋಶಗಳನ್ನು ಬೇಗ ಉದುರಿಸುತ್ತದೆ. ಇವೆರಡೂ ಎಬ್ಬಿಸುವ ಉರಿಯನ್ನು ಸ್ಟೀರಾಯ್ಡ್ ತಣಿಸುತ್ತದೆ. ಚರ್ಮತಜ್ಞರ ನಿಗಾದಲ್ಲಿ ಕೆಲವು ವಾರ ಹಚ್ಚುವ ಮದ್ದಾಗಿ ಇದನ್ನು ನಾನು ಹಳಿಯಲಾರೆ.

ಆದರೆ ಬೇಗ ತಿಳಿಯಾಗುವ ಮುಖವೇ ಇದರ ಅಪಾಯ. ಫಲ ಕಂಡವರು ನಿಲ್ಲಿಸುವುದಿಲ್ಲ, ಅಕ್ಕತಂಗಿಯರಿಗೂ ಹೇಳುತ್ತಾರೆ. ತಿಂಗಳುಗಟ್ಟಲೆ ಹಚ್ಚಿದಾಗ ಸ್ಟೀರಾಯ್ಡ್ ಚರ್ಮವನ್ನು ತೆಳುವಾಗಿಸುತ್ತದೆ, ಕೆಂಪು ರಕ್ತನಾಳಗಳು ಎದ್ದು ಕಾಣುತ್ತವೆ, ಮೊಡವೆ ಏಳುತ್ತವೆ, ಕೆನ್ನೆಯಲ್ಲಿ ಕೂದಲೂ ಬೆಳೆಯಬಹುದು. ಬಿಟ್ಟರೆ ಉರಿ, ಉರಿ ತಾಳಲಾರದೆ ಮತ್ತೆ ಅದೇ ಟ್ಯೂಬು. ಹೈಡ್ರೋಕ್ವಿನೋನನ್ನು ವರ್ಷಗಟ್ಟಲೆ ಬಳಸಿದ ಕೆಲವರಿಗೆ ಸುಲಭಕ್ಕೆ ಹೋಗದ ನೀಲಿಗಪ್ಪು ಕಲೆ ಬಿದ್ದಿದೆ. 2018ರಲ್ಲಿ ಕೇಂದ್ರ ಸರ್ಕಾರ ಸ್ಟೀರಾಯ್ಡ್ ಕ್ರೀಮುಗಳಿಗೆ ವೈದ್ಯರ ಚೀಟಿ ಕಡ್ಡಾಯವೆಂದು ನಿಯಮ ಬಿಗಿ ಮಾಡಿತು. ಅಂಗಡಿಯ ರೂಢಿ ಮಾತ್ರ ಅಷ್ಟಾಗಿ ಬದಲಾಗಿಲ್ಲ.

ಹಾಗಾದರೆ ಬಂಗಿಗೆ ಏನು ಹಚ್ಚಬೇಕು? ನನ್ನ ತೂಕದಲ್ಲಿ ಮೊದಲ ಸ್ಥಾನ ಸನ್‌ಸ್ಕ್ರೀನಿಗೆ, ಅದರಲ್ಲೂ ಐರನ್ ಆಕ್ಸೈಡ್ ಬೆರೆತ, ಮೈಬಣ್ಣದ ಸನ್‌ಸ್ಕ್ರೀನಿಗೆ. ನಮ್ಮಂಥ ಕಂದು ಚರ್ಮದಲ್ಲಿ ಅತಿನೇರಳೆ ಕಿರಣವಷ್ಟೇ ಅಲ್ಲ, ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕೆರಳಿಸುತ್ತದೆ. ಬಣ್ಣವಿಲ್ಲದ ಸಾಮಾನ್ಯ ಸನ್‌ಸ್ಕ್ರೀನ್ ಆ ಬೆಳಕನ್ನು ಅಷ್ಟಾಗಿ ತಡೆಯದು. ಮೈಬಣ್ಣದ್ದನ್ನು ಬಿಟ್ಟು ಸೀರಮ್ಮಿಗೆ ಹಣ ಸುರಿಯುವುದು ವ್ಯರ್ಥ.

ಆಮೇಲೆ ಅಜೆಲಾಯಿಕ್ ಆಮ್ಲ. ಶೇ. 15ರಿಂದ 20ರ ಪ್ರಮಾಣದಲ್ಲಿ ಸಿಗುತ್ತದೆ. ಮೊದಮೊದಲು ಚುರುಗುಟ್ಟುತ್ತದೆ, ಫಲಕ್ಕೆ ತಿಂಗಳುಗಳೇ ಕಾಯಬೇಕು. ಬಂಗು ಬಸುರಿನಲ್ಲಿ ಮೂಡುವುದು ಸಾಮಾನ್ಯ. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ದೂರವಿಡಬೇಕಾದ ಆ ದಿನಗಳಲ್ಲೂ ವೈದ್ಯರು ಅಜೆಲಾಯಿಕ್ ಆಮ್ಲವನ್ನು ಕೊಡಬಲ್ಲರು. ಈ ಒಂದು ಗುಣಕ್ಕೇ ಇದು ಹೆಚ್ಚಿನ ಮನ್ನಣೆಗೆ ಅರ್ಹ. ನಯಾಸಿನಮೈಡ್ ಎಂಬ ಇನ್ನೊಂದು ಹಚ್ಚುವ ಮದ್ದು ಸಾಧು ಸ್ವಭಾವದ್ದು, ಲಾಭವೂ ಅಷ್ಟಕ್ಕಷ್ಟೇ. ನಿಂಬೆರಸ ಬೇಡವೇ ಬೇಡ: ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟ ಗಾಯವಾಗಿ ಇನ್ನಷ್ಟು ಕಪ್ಪಾಗಬಹುದು. ಕತ್ತಿನ ಸುತ್ತ ಮಖಮಲ್ಲಿನಂತೆ ದಪ್ಪಗಾದ ಕಪ್ಪು ಬೇರೆಯದೇ ಸಂಗತಿ. ಅದಕ್ಕೆ ಕ್ರೀಮಿಗಿಂತ ಮೊದಲು ರಕ್ತದ ಸಕ್ಕರೆ ಪರೀಕ್ಷೆ ಆಗಬೇಕು.

ಮನೆಯಲ್ಲಿರುವ ಟ್ಯೂಬಿನ ಸಣ್ಣಕ್ಷರಗಳನ್ನು ಇವತ್ತೇ ಓದಿ. ಮೊಮೆಟಾಸೋನ್, ಬೀಟಾಮೆಥಾಸೋನ್ ಅಥವಾ ಕ್ಲೋಬೆಟಾಸಾಲ್ ಎಂಬ ಸ್ಟೀರಾಯ್ಡಿನ ಹೆಸರಿದ್ದು, ನೀವು ತಿಂಗಳುಗಳಿಂದ ಮುಖಕ್ಕೆ ಹಚ್ಚುತ್ತಿದ್ದರೆ, ಟ್ಯೂಬನ್ನೂ ಜೊತೆಗೊಯ್ದು ಚರ್ಮತಜ್ಞರನ್ನು ಕಾಣಿ. ಬಿಡಿಸುವ ಕ್ರಮವನ್ನು ಅವರೇ ಹೇಳಿಕೊಡಬೇಕು.